ಅಶೋಕಕುಮಾರರೂ ಬಾಂಬೆ ಟಾಕೀಸ್ ಸಂಸ್ಥೆಯೂ

ಹಿಂದುಸ್ಥಾನದ ಬೋಲಪಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಚಿತ್ರಗಳ ಹೆಸರುಗಳನ್ನೂ ನಟನಟಿಯರ ಹೆಸರುಗಳನ್ನೂ ಒಂದರ ಕೆಳಗೊಂದು ಪೇರಿಸಿ ತೃಪ್ತರಾಗುತ್ತಾರೆ. ಆ ಚಿತ್ರಗಳನ್ನು ಹೆತ್ತ ಸಂಸ್ಥೆಗಳು ಎಂತಹವು, ಅವುಗಳಲ್ಲಿ ದುಡಿದವರಿಗೆ ವೇತನವು ಹೇಗೆ ಸಲ್ಲುತ್ತಿತ್ತು, ಅಷ್ಟು ಕೀರ್ತಿವಂತವಾದ ಮನೆಗಳು ಏಕೆ ಬಾಳದೆ ಹೋದವು ಎಂಬ ವಿಚಾರಕ್ಕೆ ಕೈಯಿಕ್ಕುವವರು ವಿರಳ. ಕಲಕತ್ತೆಯ ನ್ಯೂ ಥಿಯೇಟರ್ಸ್, ಪುಣೆಯ ಪ್ರಭಾತ, ಮುಂಬಯಿಯ ಬಾಂಬೆ ಟಾಕೀಸ್ ಎಂಬ ಮೂರು ಸಂಸ್ಥೆಗಳು 1930ರ ದಶಕದಲ್ಲಿ ಬೋಲಪಟಕ್ಕೆ ಸಭ್ಯರ ಮನೆಗಳ ಬಾಗಿಲನ್ನು ತೆರೆಸಿದವು; 1950ರ ದಶಕದ ನಡುಭಾಗದ ಹೊತ್ತಿಗೆ ಮೂರರ ದೀಪಗಳೂ ಆರಿದ್ದವು. ಈ ಏರಿಕೆಯನ್ನೂ ಇಳಿತವನ್ನೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಕಾಣಬೇಕೆಂದರೆ ಅಶೋಕಕುಮಾರರ ಚರಿತ್ರೆಗಿಂತ ಉತ್ತಮವಾದ ನಿದರ್ಶನವಿಲ್ಲ. ಅವರು ಸಂಸ್ಥೆಯ ನೌಕರರಾಗಿ ಬಂದರು, ಅದರ ಮುಖವಾದರು, ಅದನ್ನು ಬಿಟ್ಟು ಹೋದರು, ಉಳಿಸಲೆಂದು ಮರಳಿ ಬಂದರು, ಕೊನೆಗೆ ಅದರ ಅವಸಾನವನ್ನೂ ಕಂಡರು.

ಅವರ ನಿಜವಾದ ಹೆಸರು ಕುಮುದಲಾಲ ಗಂಗೂಲಿ. 1911ನೆಯ ಇಸವಿ ಅಕ್ಟೋಬರ 13ರಂದು ಭಾಗಲಪುರದಲ್ಲಿ ಹುಟ್ಟಿದರು. ತಂದೆ ಕುಂಜಲಾಲರು ಮಧ್ಯಪ್ರಾಂತದ ಖಂಡವಾದಲ್ಲಿ ವಕೀಲರು. ಮಗನೂ ವಕೀಲನಾಗಬೇಕೆಂಬುದು ಅವರ ಅಪೇಕ್ಷೆ. ಕಲಕತ್ತೆಯಲ್ಲಿ ಕಾಯಿದೆಯ ಅಭ್ಯಾಸವೇನೋ ಆರಂಭವಾಯಿತು, ಆದರೆ ಕುಮುದಲಾಲರ ಚಿತ್ತವು ಪುಸ್ತಕದಲ್ಲಿರದೆ ಚಿತ್ರಗೃಹಗಳಲ್ಲಿತ್ತು. ಅಭಿನಯವನ್ನು ಮಾಡಬೇಕೆಂಬ ಹಂಬಲವು ಅವರಿಗಿರಲಿಲ್ಲವೆಂಬುದನ್ನು ಮರೆಯಲಾಗದು. ಫಿಲ್ಮು ಹೇಗೆ ತೊಳೆಯಲ್ಪಡುತ್ತದೆ, ಛಾಯೆಯು ಹೇಗೆ ಮೂಡುತ್ತದೆ ಎಂಬ ಯಾಂತ್ರಿಕ ಕುತೂಹಲವೇ ಅವರನ್ನು ಸೆಳೆದದ್ದು. ಸೋದರಿ ಸತೀದೇವಿಯ ಪತಿಯಾದ ಶಶಧರ ಮುಖರ್ಜಿಯವರು ಬಾಂಬೆ ಟಾಕೀಸಿನ ಧ್ವನಿಮುದ್ರಣ ವಿಭಾಗದಲ್ಲಿದ್ದರು. ಆ ಆಸರೆಯಿಂದ ಕುಮುದಲಾಲರಿಗೆ ಸಂಸ್ಥೆಯ ರಸಾಯನಶಾಲೆಯಲ್ಲಿ ಸಹಾಯಕನ ಕೆಲಸವು ದೊರೆಯಿತು.

ಆ ಸಂಸ್ಥೆಯ ರೀತಿನೀತಿಗಳನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಹಿಮಾಂಶು ರಾಯರು ಇಂಗ್ಲಂಡಿನಲ್ಲಿ ಓದಿದವರು. ಜರ್ಮನಿಯ ಮ್ಯೂನಿಕ್ ನಗರದ ಚಿತ್ರಸಂಸ್ಥೆಯೊಡನೆ ಸೇರಿ 1925ರಲ್ಲಿಯೇ ಬುದ್ಧನ ಕಥೆಯನ್ನು ಮೂಕಚಿತ್ರವಾಗಿ ತೆಗೆಯಿಸಿದವರು. ಪತ್ನಿ ದೇವಿಕಾರಾಣಿಯವರೊಡನೆ ಸ್ವದೇಶಕ್ಕೆ ಬಂದು 1934ರಲ್ಲಿ ಮುಂಬಯಿಯ ಹೊರಗೆ ಮಲಾಡಿನಲ್ಲಿ ಬಾಂಬೆ ಟಾಕೀಸನ್ನು ಸ್ಥಾಪಿಸಿದರು. ಅದು ಒಬ್ಬ ಸೇಠನ ಅಂಗಡಿಯಾಗಿರಲಿಲ್ಲ. ಪಾಲುಗಾರರುಳ್ಳ, ಲೆಕ್ಕಪತ್ರಗಳುಳ್ಳ ಮಂಡಲಿಯಾಗಿತ್ತು, ಮುಂಬಯಿಯ ಗಣ್ಯ ವ್ಯಾಪಾರಸ್ಥರೂ ಕಾಯಿದೆ ಪಂಡಿತರೂ ಅದರ ನಿರ್ದೇಶಕ ಸಮಿತಿಯಲ್ಲಿದ್ದರು. ಚಿತ್ರವನ್ನು ನಿರ್ದೇಶಿಸಲು ಫ್ರಾಂಜ್ ಓಸ್ಟೆನ್, ಕ್ಯಾಮರಾ ಹಿಡಿಯಲು ಯೋಸೆಫ್ ವಿರ್ಶಿಂಗ್ ಮೊದಲಾದ ಜರ್ಮನರು ಬಂದರು. ಕಥೆಗಳನ್ನು ಬರೆದವರು ನಿರಂಜನ ಪಾಲರು. ಸಂಗೀತವು ಸರಸ್ವತೀದೇವಿಯದು, ಇವರು ಪಾರಸಿ ಮನೆತನದ ಹೆಣ್ಣುಮಗಳು, ಸ್ವಜನರ ವಿರೋಧಕ್ಕಂಜಿ ಹಿಂದೂ ಹೆಸರನ್ನು ತಳೆದವರು. ನಟರಿಂದ ಮೊದಲುಗೊಂಡು ದೀಪ ಹೊರುವವನ ವರೆಗೆ ಎಲ್ಲರಿಗೂ ತಿಂಗಳ ಸಂಬಳ. ಓದಿದ ತರುಣರನ್ನು ಹುಡುಕಿ ಸೇರಿಸಿಕೊಳ್ಳುವುದು ರಾಯರ ಪದ್ಧತಿ. ಸಂಸ್ಥೆಯ ಊಟದ ಮನೆಯಲ್ಲಿ ಜಾತಿಭೇದವಿಲ್ಲದೆ ಎಲ್ಲರೂ ಜೊತೆಯಾಗಿ ಉಣ್ಣುತ್ತಿದ್ದರು. ಒಟ್ಟಿನಲ್ಲಿ ಅದೊಂದು ಅವಿಭಕ್ತ ಕುಟುಂಬದಂತಿತ್ತು. ಅಂಥ ಕುಟುಂಬದ ಸುಖಗಳೂ ಅಲ್ಲಿದ್ದವು, ಕಲಹಗಳೂ ಇದ್ದವು.

ಕುಮುದಲಾಲರು ನಾಯಕರಾದುದು ಇಂತಹ ಒಂದು ಕಲಹದಿಂದಲೇ. 1935ರಲ್ಲಿ ಬಂದ ಸಂಸ್ಥೆಯ ಪ್ರಥಮ ಚಿತ್ರ 'ಜವಾನೀ ಕೀ ಹವಾ'ದ ನಾಯಕ ನಜ್ಮುಲ್ ಹುಸೇನರು. ಮುಂದೆ 'ಜೀವನ ನೈಯಾ' ಚಿತ್ರದ ಕೆಲಸವು ನಡೆದಿದ್ದಾಗ ಅವರೂ ದೇವಿಕಾರಾಣಿಯವರೂ ಸಂಸ್ಥೆಯನ್ನು ಬಿಟ್ಟು ಕಲಕತ್ತೆಗೆ ತೆರಳಿದರು. ಶಶಧರ ಮುಖರ್ಜಿಯವರು ನಡುವೆ ನಿಂತು ಸಂಧಾನ ಮಾಡಲಾಗಿ ದೇವಿಕಾರಾಣಿಯವರು ಮರಳಿ ಬಂದರು. ಹುಸೇನರಿಗೆ ಬಾಗಿಲು ಮುಚ್ಚಿತು. ಪಾಲುಗಾರರ ಹಣ ತೊಡಗಿತ್ತು, ಚಿತ್ರವು ಅರ್ಧದಲ್ಲಿತ್ತು, ನಾಯಕನಿರಲಿಲ್ಲ. ಆಗ ರಾಯರ ದೃಷ್ಟಿಯು ರಸಾಯನಶಾಲೆಯ ಈ ತರುಣನ ಮೇಲೆ ಬಿದ್ದಿತು. ಓಸ್ಟೆನ್ನರಿಗೆ ಈ ಆಯ್ಕೆಯು ಒಪ್ಪಿಗೆಯಾಗಲಿಲ್ಲವೆಂದೂ ಹುಡುಗನ ದವಡೆಯು ನಾಯಕನಿಗೆ ತಕ್ಕುದಲ್ಲವೆಂದು ಅವರು ಆಕ್ಷೇಪಿಸಿದರೆಂದೂ ಪ್ರತೀತಿಯಿದೆ. ಒಪ್ಪಿಗೆಯಾಗದವನು ಸ್ವತಃ ಕುಮುದಲಾಲನೂ ಹೌದು. ನಟನಿಗೆ ಹೆಣ್ಣು ಕೊಡುವವರು ದುರ್ಲಭರಾಗಿದ್ದ ಕಾಲವದು. ಆದರೆ ಸಂಬಳದ ನೌಕರನಿಗೆ ಯಜಮಾನನ ಆಜ್ಞೆಯನ್ನು ಮೀರುವುದು ಸುಲಭವೆ? 1936ರಲ್ಲಿ ಚಿತ್ರವು ತೆರೆಗೆ ಬಂದಾಗ ಕುಮುದಲಾಲನ ಹೆಸರು ಅಶೋಕಕುಮಾರನೆಂದಾಗಿತ್ತು. ಹೆಸರನ್ನು ಕೊಟ್ಟುದೂ ಸಂಸ್ಥೆಯೇ.

ಅದೇ ವರ್ಷದ 'ಅಛೂತ ಕನ್ಯಾ' ಅವರನ್ನು ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟಿತು. ರೈಲುಗೇಟಿನ ಕಾವಲುಗಾರನ ಮಗಳು ಕಸ್ತೂರಿ ಅಸ್ಪೃಶ್ಯಳು. ಪ್ರತಾಪನು ಬ್ರಾಹ್ಮಣ ಅಂಗಡಿಕಾರನ ಮಗ. ಬಾಲ್ಯದ ಒಲವು ಊರ ಕಟ್ಟಳೆಗೆ ತಾಗಿ ಒಡೆಯುತ್ತದೆ. ಇಬ್ಬರಿಗೂ ಬೇರೆ ಬೇರೆ ಮದುವೆಗಳಾಗುತ್ತವೆ. ಕೊನೆಗೆ ಬಡಿದಾಟವನ್ನು ಬಿಡಿಸುವುದಕ್ಕೆಂದು ಬರುವ ರೈಲಿಗೆ ಎದುರಾಗಿ ಓಡಿದ ಕಸ್ತೂರಿಯು ಪ್ರಾಣವನ್ನು ನೀಗುತ್ತಾಳೆ. ಹರಿಜನರಿಗೆ ದೇವಾಲಯ ಪ್ರವೇಶವುಂಟೋ ಇಲ್ಲವೋ ಎಂದು ಊರೂರುಗಳಲ್ಲಿ ವಾದ ನಡೆದಿದ್ದ ಕಾಲದಲ್ಲಿ ಈ ಕಥೆಯು ಜನರ ಮನಸ್ಸನ್ನು ಕಲಕಿದುದು ಸಹಜ. ಇದನ್ನು ನಿರ್ದೇಶಿಸಿದ ಓಸ್ಟೆನ್ನರಿಗೆ ಹಿಂದಿಯು ಬಾರದು. ಮೇಲಾಗಿ ಅವರು ಅದೇ 1936ರಲ್ಲಿ ಜರ್ಮನಿಯ ನಾಝಿ ಪಕ್ಷಕ್ಕೆ ಸೇರಿದ್ದರು. ಅಸ್ಪೃಶ್ಯತೆಯನ್ನು ಖಂಡಿಸುವ ಚಿತ್ರವನ್ನು ಕುಲಶುದ್ಧಿಯ ಪಕ್ಷದವನು ತೆಗೆದನೆಂಬುದು ಇತಿಹಾಸದ ವಕ್ರ ವಿನೋದಗಳಲ್ಲಿ ಒಂದು.

ಈ ಚಿತ್ರದಲ್ಲಿ ಅಶೋಕಕುಮಾರರ ಅಭಿನಯವು ಪಕ್ವವೆಂದು ಹೇಳುವುದು ಸತ್ಯಕ್ಕೆ ದೂರ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದ ಸಂಕೋಚವು ಪದೇ ಪದೇ ಕಾಣುತ್ತದೆ. ದೇವಿಕಾರಾಣಿಯವರ ಪಕ್ಕದಲ್ಲಿ ಅವರು ನಾಯಕನೆನ್ನುವುದಕ್ಕಿಂತ ಅತಿಥಿಯಂತಿದ್ದಾರೆ. ಆಗ ನಟರೇ ಹಾಡಬೇಕು, ಕ್ಯಾಮರಾ ತಿರುಗುತ್ತಿರುವಾಗಲೇ ಹಾಡಬೇಕು, ವಾದ್ಯಗಾರರು ಮರದ ಮರೆಯಲ್ಲಿ ಕುಳಿತಿರಬೇಕು. ಸಂಗೀತದ ಅಭ್ಯಾಸವಿಲ್ಲದ ನಾಯಕನಿಗಾಗಿ ಸರಸ್ವತೀದೇವಿಯವರು ಸುಲಭವಾದ ಮಟ್ಟುಗಳನ್ನು ಕೂಡಿಸಬೇಕಾಯಿತು. ಆದರೆ ಈ ಅಸಾಮರ್ಥ್ಯದಲ್ಲಿಯೇ ಒಂದು ಲಾಭವಡಗಿತ್ತು. ಅಂದಿನ ಬೋಲಪಟದ ನಾಯಕರಲ್ಲಿ ಅನೇಕರು ನಾಟಕದ ಕಂಪನಿಗಳಿಂದ ಬಂದವರು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಕೂಗುವುದು ಅವರ ರೂಢಿ. ರಸಾಯನಶಾಲೆಯಿಂದ ಬಂದವನಿಗೆ ಬಿಡಬೇಕಾದ ರೂಢಿಯೇ ಇರಲಿಲ್ಲ. ಮೆಲ್ಲಗೆ ಮಾತಾಡಿದರೂ ಯಂತ್ರವು ಕೇಳಿಸಿಕೊಳ್ಳುತ್ತದೆಂಬುದನ್ನು ಆತನು ಬಲ್ಲ. ಐದಾರು ವರ್ಷಗಳಲ್ಲಿ ಈ ಮೆಲುಮಾತೇ ಅವರ ಶಕ್ತಿಯಾಯಿತು.

1937ರ 'ಸಾವಿತ್ರಿ', 1938ರ 'ನಿರ್ಮಲಾ', 'ವಚನ' ಮುಂತಾದವನ್ನು ಹೆಸರಿಸಿ ಮುಂದರಿಯಬಹುದು. ಅವು ದೇವಿಕಾರಾಣಿಯವರ ಚಿತ್ರಗಳು. ತಿರುವು ಬಂದುದು 1939ರಲ್ಲಿ. ಆ ವರ್ಷದ 'ಕಂಗನ'ದಲ್ಲಿ ನಾಯಿಕೆಯಾದವರು ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟಣೀಸರು. ಪದವೀಧರೆಯಾದ ಈ ನಟಿಯೊಡನೆ ಅಶೋಕಕುಮಾರರು ಮೊದಲ ಬಾರಿಗೆ ಸರಿಸಮಾನರಾಗಿ ಕಾಣಿಸಿಕೊಂಡರು. 1940ರ 'ಬಂಧನ', 1941ರ 'ಝೂಲಾ' ಎರಡೂ ಇದೇ ಜೋಡಿಯವು. ಆದರೆ ತೆರೆಯ ಮೇಲೆ ಭಾಗ್ಯವು ಬೆಳೆಯುತ್ತಿರಲು ಮನೆಯೊಳಗೆ ಬಿರುಕು ಬಿಟ್ಟಿತ್ತು. 1939ರ ಸೆಪ್ಟೆಂಬರದಲ್ಲಿ ಯುದ್ಧವು ಆರಂಭವಾದೊಡನೆ ಸರಕಾರವು ಜರ್ಮನರನ್ನು ಬಂಧನದಲ್ಲಿಟ್ಟಿತು. ನಿರ್ದೇಶಕನೂ ಹೋದ, ಛಾಯಾಗ್ರಾಹಕನೂ ಹೋದ. 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯರು ತೀರಿಕೊಂಡರು. ಅವಿಭಕ್ತ ಕುಟುಂಬದ ಯಜಮಾನನು ಗತಿಸಿದರೆ ಏನಾಗುವುದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಅಧಿಕಾರವು ದೇವಿಕಾರಾಣಿಯವರ ಕೈಗೆ ಬಂದಿತು. ಅವರ ಕಡೆಗೆ ಅಮಿಯ ಚಕ್ರವರ್ತಿ, ಎದುರು ಪಕ್ಷಕ್ಕೆ ಶಶಧರ ಮುಖರ್ಜಿ. ಭಾವನ ಪಕ್ಷವೇ ಅಶೋಕಕುಮಾರರ ಪಕ್ಷವೂ ಆಯಿತು.

ಇಂಥ ಒಡಕಿನ ಮಧ್ಯದಲ್ಲಿ 1943ರಲ್ಲಿ ಮುಖರ್ಜಿಯವರ ಪಂಗಡವು ಹೊರತಂದ ಚಿತ್ರವೇ 'ಕಿಸ್ಮತ್'. ಜ್ಞಾನ ಮುಖರ್ಜಿಯವರು ಅದರ ನಿರ್ದೇಶಕರು. ಅಲ್ಲಿಯ ವರೆಗೆ ನಾಯಕನೆಂದರೆ ಸದ್ಗುಣಿ. ತಪ್ಪಿದರೆ ದುರ್ಬಲನಾದ ಪ್ರೇಮಿ. ಈ ಚಿತ್ರದ ಶೇಖರನು ಜೇಬುಗಳ್ಳ. ಸೆರೆಮನೆಯಿಂದ ಹೊರಬಂದೊಡನೆ ಮತ್ತೆ ಅದೇ ಉದ್ಯೋಗ. ಮುಖದಲ್ಲಿ ನಗು, ಬೆರಳ ಸಂದಿಯಲ್ಲಿ ಸಿಗರೇಟು, ಪೋಲೀಸ ಅಧಿಕಾರಿಯೊಡನೆ ಸರಸ. ಕಾಲು ಊನವಾದ ನರ್ತಕಿಯೊಬ್ಬಳ ಚಿಕಿತ್ಸೆಗಾಗಿ ಅವನು ಕದಿಯುತ್ತಾನೆ. ಕೊನೆಗೆ ತಾನು ಕದ್ದ ಮನೆಯ ಕಳೆದುಹೋದ ಮಗನೇ ತಾನೆಂದು ತಿಳಿಯುತ್ತದೆ. ಕಥೆಯಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಆದರೆ ಅಶೋಕಕುಮಾರರು ಕಳ್ಳನನ್ನು ಕಳ್ಳನಂತೆ ಆಡಲಿಲ್ಲ. ಬಲು ಬಿಡುವಾಗಿರುವ, ಯಾರ ಗೊಡವೆಯೂ ಬೇಡದ, ಒಳಗೆಲ್ಲೋ ಒಂಟಿಯಾದ ನಾಗರಿಕನಂತೆ ಆಡಿದರು. ಯುದ್ಧದ ಕಾಲದ ಪಟ್ಟಣಗಳಲ್ಲಿ ಹಳ್ಳಿಯನ್ನು ಬಿಟ್ಟು ಬಂದ ಸಾವಿರಾರು ತರುಣರಿದ್ದರು. ಕಾಳಸಂತೆಯ ಹಣ ಕೈಯಿಂದ ಕೈಗೆ ಹರಿಯುತ್ತಿತ್ತು. ಬಂಗಾಲದಲ್ಲಿ ಕ್ಷಾಮವು ತಲೆದೋರಿತ್ತು. ನೀತಿಯ ಪಾಠಗಳಲ್ಲಿ ನಂಬಿಕೆ ಸಡಿಲವಾಗಿದ್ದ ಆ ಜನಕ್ಕೆ ಶೇಖರನು ತಮ್ಮವನೆಂದು ತೋರಿದನು. ಅಪರಾಧವನ್ನು ಮೋಹಕವಾಗಿ ಮಾಡಿದರೆಂದು ಚಿತ್ರದ ಮೇಲೆ ಬಂದ ಟೀಕೆಯು ನಿರಾಧಾರವಾದುದಲ್ಲ. ಆದರೂ ಜನರು ಬರುವುದು ನಿಲ್ಲಲಿಲ್ಲ: ಕಲಕತ್ತೆಯ ರಾಕ್ಸಿ ಚಿತ್ರಗೃಹದಲ್ಲಿ ಅದು ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು.

ಅದರ ಹಾಡುಗಳಿಗೂ ಆ ಯಶಸ್ಸಿನಲ್ಲಿ ಪಾಲಿದೆ. ಸಂಗೀತವನ್ನು ಕೂಡಿಸಿದವರು ಅನಿಲ ಬಿಸ್ವಾಸರು. ನಾಯಿಕೆ ಮುಮತಾಜ ಶಾಂತಿಗೆ ಕಂಠವನ್ನು ಕೊಟ್ಟವರು ವಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು. ಕವಿ ಪ್ರದೀಪರು ಬರೆದ ಒಂದು ಗೀತವು ಪರದೇಶದವರನ್ನು ದೂರ ಸರಿಯಿರೆಂದು ಎಚ್ಚರಿಸುವಂಥದು. ಮಾತಿಗೆ ಜರ್ಮನರನ್ನೂ ಜಪಾನರನ್ನೂ ಹೆಸರಿಸಿದ್ದುದರಿಂದ ಸೆನ್ಸಾರಿನವರು ಬಿಟ್ಟುಕೊಟ್ಟರು. 1942ರ ಆಗಸ್ಟಿನ ಚಳವಳಿಯ ಗಾಯ ಆರದಿದ್ದ ಪ್ರೇಕ್ಷಕರಿಗೆ ಅದು ಯಾರನ್ನು ಕುರಿತುದೆಂದು ಹೇಳಿಕೊಡಬೇಕಾಗಿರಲಿಲ್ಲ.

ಸಂಸ್ಥೆಯೊಂದಕ್ಕೆ ಇದಕ್ಕಿಂತ ಹೆಚ್ಚಿನ ಗೆಲವು ಉಂಟೆ? ಆದರೆ ಆ ಗೆಲವೇ ಅದಕ್ಕೆ ಮುಳುವಾಯಿತು. 1943ರಲ್ಲಿಯೇ ಶಶಧರ ಮುಖರ್ಜಿ, ಜ್ಞಾನ ಮುಖರ್ಜಿ, ರಾಯಬಹಾದ್ದೂರ ಚುನಿಲಾಲ, ಅಶೋಕಕುಮಾರ ಇವರೆಲ್ಲ ಹೊರಟು ಗೋರೆಗಾಂವದಲ್ಲಿ 'ಫಿಲ್ಮಿಸ್ತಾನ'ವನ್ನು ಕಟ್ಟಿದರು. ಇದನ್ನು ಕೃತಘ್ನತೆಯೆಂದು ಕರೆದವರುಂಟು. ಆ ಮಾತು ಪೂರ್ಣ ನ್ಯಾಯವಾದುದಲ್ಲ. ತಿಂಗಳ ಸಂಬಳದ ಪದ್ಧತಿಯಲ್ಲಿ ಚಿತ್ರವು ನಡೆದರೂ ನಡೆಯದಿದ್ದರೂ ನಟನ ಅನ್ನ ತಪ್ಪುವುದಿಲ್ಲ. ಅದು ಅದರ ಹಿರಿಮೆ. ಆದರೆ ಜನರು ಚಿತ್ರಗೃಹಕ್ಕೆ ಬರುವುದು ಸಂಸ್ಥೆಯ ಮುದ್ರೆಯನ್ನು ನೋಡಿಯೋ ನಟನ ಮುಖವನ್ನು ನೋಡಿಯೋ ಎಂಬ ಪ್ರಶ್ನೆಗೆ 'ಕಿಸ್ಮತ್' ಉತ್ತರವನ್ನು ಕೊಟ್ಟಿತ್ತು. ಮುಖದ ಬೆಲೆ ತಿಳಿದ ಮೇಲೆ ಹೊರಗಿನ ಬಂಡವಳಿಗರು ಥೈಲಿಗಳನ್ನು ಬಿಚ್ಚಿದರು. ಯುದ್ಧದಲ್ಲಿ ಗಳಿಸಿದ, ಲೆಕ್ಕಕ್ಕೆ ಸಿಗದ ಹಣವನ್ನು ತೊಡಗಿಸಲು ಸ್ಥಳ ಹುಡುಕುತ್ತಿದ್ದವರಿಗೆ ಸ್ಟೂಡಿಯೋ ಕಟ್ಟುವ ತಾಪತ್ರಯವೇಕೆ? ಸ್ಟೂಡಿಯೋವನ್ನು ಬಾಡಿಗೆಗೆ ಹಿಡಿಯಬಹುದು, ನಾಯಕನನ್ನು ಒಂದು ಚಿತ್ರದ ಮಟ್ಟಿಗೆ ಕೊಳ್ಳಬಹುದು. ಅಶೋಕಕುಮಾರರೂ ಮೆಹಬೂಬರ 'ನಜ್ಮಾ', 'ಹುಮಾಯೂನ್' ಮುಂತಾದ ಚಿತ್ರಗಳಲ್ಲಿ ಪರಸಂಸ್ಥೆಗಳಿಗೆ ದುಡಿದರು. 1942ರಲ್ಲಿ ಶಾಂತಾರಾಮರು ಪ್ರಭಾತವನ್ನು ಬಿಟ್ಟುದನ್ನೂ ಇದರೊಡನೆ ಇಟ್ಟು ನೋಡಿದರೆ ಇದು ವ್ಯಕ್ತಿಯೊಬ್ಬನ ಚಾಪಲ್ಯವಲ್ಲ, ಕಾಲದ ನಡೆಯೆಂಬುದು ಗೊತ್ತಾಗುತ್ತದೆ. ಇತ್ತ ದೇವಿಕಾರಾಣಿಯವರು ಹೊಸ ಮುಖವೊಂದನ್ನು ಹುಡುಕಿ 1944ರ 'ಜ್ವಾರ ಭಾಟಾ'ದಲ್ಲಿ ನಿಲ್ಲಿಸಿದರು. ಆ ತರುಣನೇ ದಿಲೀಪಕುಮಾರ. ಮರುವರ್ಷ ಅವರು ಸಂಸ್ಥೆಯ ಋಣವನ್ನೇ ಹರಿದುಕೊಂಡು ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ಕರನ್ನು ವರಿಸಿದರು. ಮುಂದೆ ಬೆಂಗಳೂರಿನ ಸಮೀಪದ ತಾತಗುಣಿಯ ತೋಟದಲ್ಲಿ ನೆಲೆಸಿ 1994ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡ ಅವರನ್ನು ಕನ್ನಡನಾಡು ಚೆನ್ನಾಗಿ ಬಲ್ಲದು.

1947ರಲ್ಲಿ ಅಶೋಕಕುಮಾರರು ಮಲಾಡಿಗೆ ಹಿಂತಿರುಗಿದರು. ಈ ಬಾರಿ ನೌಕರರಾಗಿ ಅಲ್ಲ. ಹಳೆಯ ಧ್ವನಿಮುದ್ರಕ ಸಾವಕ ವಾಚಾರೊಡನೆ ಸಂಸ್ಥೆಯ ಭಾರವನ್ನು ಹೊತ್ತ ಯಜಮಾನರಾಗಿ. ಹಣದ ದೃಷ್ಟಿಯಿಂದ ಇದು ಅವಿವೇಕವೇ ಸರಿ. ಬಿಡಿ ಚಿತ್ರಗಳಿಂದ ಸುಖವಾಗಿ ಗಳಿಸಬಹುದಾಗಿದ್ದವನು ಸಾಲದ ಮನೆಯ ತೊಲೆಯನ್ನು ಹೆಗಲಿಗೆ ಕೊಟ್ಟುದು ಹಳೆಯ ಅಭಿಮಾನದಿಂದಲ್ಲದೆ ಬೇರೆ ಕಾರಣದಿಂದ ಅರ್ಥವಾಗುವಂಥದಲ್ಲ. ಬಂದ ಕಾಲವಾದರೂ ಎಂಥದು! ದೇಶವು ಎರಡಾಗಿತ್ತು, ಮುಂಬಯಿಯ ಬೀದಿಗಳಲ್ಲಿ ಚೂರಿಗಳಾಡುತ್ತಿದ್ದವು. ಸಂಸ್ಥೆಯಲ್ಲಿ ನಜೀರ ಅಜಮೇರಿ, ಶಾಹಿದ ಲತೀಫ, ಇಸ್ಮತ ಚುಗತಾಯಿ, ಕಮಾಲ ಅಮರೋಹಿ, ಸಾದತ ಹಸನ ಮಂಟೋ ಮೊದಲಾದ ಮುಸಲ್ಮಾನ ಲೇಖಕರೂ ನಿರ್ದೇಶಕರೂ ಇದ್ದರು. ಇವರನ್ನು ಹೊರಹಾಕದಿದ್ದರೆ ಸ್ಟೂಡಿಯೋವನ್ನೇ ಸುಡುವೆವೆಂದು ಹೆಸರಿಲ್ಲದ ಪತ್ರಗಳು ಬಂದವು. ಅಶೋಕಕುಮಾರರೂ ವಾಚಾರೂ ಅವನ್ನು ಲೆಕ್ಕಿಸದೆ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ.

ಆ ದಿನಗಳ ಒಂದು ಸಂಗತಿಯನ್ನು ಮಂಟೋ ಬರೆದಿಟ್ಟಿದ್ದಾರೆ. ರಾತ್ರಿಯಲ್ಲಿ ಮಂಟೋರನ್ನು ಮನೆಗೆ ಮುಟ್ಟಿಸಲೆಂದು ಅಶೋಕಕುಮಾರರು ಮೋಟಾರನ್ನು ಮುಸಲ್ಮಾನರ ಮೊಹಲ್ಲೆಯೊಂದರ ಮೂಲಕ ಹೊಡೆದರು. ಎದುರಿಗೆ ಮದುವೆಯ ಮೆರವಣಿಗೆ. ವಾಹನದಲ್ಲಿರುವವನು ಪ್ರಖ್ಯಾತನಾದ ಹಿಂದೂ; ಏನಾದರೂ ಆದರೆ ತನ್ನ ಜೀವಮಾನದ ಕಳಂಕವೆಂದು ಮಂಟೋ ನಡುಗಿದರು. ಜನರು ಗುರುತಿಸಿ ಸುತ್ತುವರಿದರು. ಇಬ್ಬರು ತರುಣರು ಮುಂದೆ ಬಂದು, ಮುಂದಕ್ಕೆ ದಾರಿಯಿಲ್ಲ, ಪಕ್ಕದ ಓಣಿಯಿಂದ ಹೋಗಿರೆಂದು ಅಣ್ಣನಿಗೆ ಹೇಳುವಂತೆ ಹೇಳಿ ಕಳಿಸಿದರು. ಕಲಾವಿದರಿಗೆ ಯಾರೂ ಕೈ ಮಾಡುವುದಿಲ್ಲವೆಂಬುದು ಅಶೋಕಕುಮಾರರ ಸಮಾಧಾನ. ಮಂಟೋರಿಗೆ ಆ ಸಮಾಧಾನ ಸಾಲದೆ ಹೋಯಿತು. ಸಂಸ್ಥೆಗೆ ಬರುವ ಪತ್ರಗಳಿಗೆ ತಾವೇ ಹೊಣೆಯೆಂಬ ಭಾವನೆಯು ಅವರನ್ನು ಹಿಂಡುತ್ತಿತ್ತು. 1948ರ ಆರಂಭದಲ್ಲಿ ಅವರು ಲಾಹೋರಿಗೆ ಹೊರಟುಹೋದರು. ಅಶೋಕಕುಮಾರರ ಕೀರ್ತಿಯು ಎಷ್ಟು ಆಳಕ್ಕಿಳಿದಿತ್ತೆಂಬುದಕ್ಕೂ ಅದು ಎಲ್ಲಿಗೆ ಮುಟ್ಟಲಾರದೆ ನಿಂತಿತೆಂಬುದಕ್ಕೂ ಈ ಒಂದೇ ರಾತ್ರಿಯು ಸಾಕ್ಷಿಯಾಗಿದೆ.

ಉಳಿದವರು ಕೆಲಸ ಮಾಡಿದರು. 1948ರಲ್ಲಿ 'ಮಜಬೂರ', 'ಜಿದ್ದಿ' ಚಿತ್ರಗಳು ಬಂದವು. 'ಜಿದ್ದಿ'ಯ ನಾಯಕತ್ವವನ್ನು ತಾವೇ ವಹಿಸದೆ ದೇವಾನಂದನೆಂಬ ತರುಣನಿಗೆ ಬಿಟ್ಟುಕೊಟ್ಟರು. ಅದರಲ್ಲಿಯೇ ತಮ್ಮನಾದ ಕಿಶೋರಕುಮಾರನಿಂದ ಮೊದಲ ಬಾರಿಗೆ ಹಿನ್ನೆಲೆಯ ಹಾಡು. 1949ರ 'ಮಹಲ್' ಸಂಸ್ಥೆಯ ಕೊನೆಯ ಮಹಾವಿಜಯ. ಕಮಾಲ ಅಮರೋಹಿಯವರಿಗೆ ಅದು ಮೊದಲ ನಿರ್ದೇಶನ, ಬಿಡುಗಡೆ ಹೊಂದಿ ಈ ದೇಶದಲ್ಲಿಯೇ ಉಳಿದ ವಿರ್ಶಿಂಗರ ಛಾಯಾಗ್ರಹಣ, ಮಧುಬಾಲೆಯ ರೂಪ, ಲತಾ ಮಂಗೇಶಕರರ ಕಂಠ. ಪಾಳು ಮಹಲಿನಲ್ಲಿ ತನ್ನದೇ ಮುಖದ ಚಿತ್ರಪಟವನ್ನು ಕಂಡು ಹಿಂದಿನ ಜನ್ಮದ ಭ್ರಮೆಗೆ ಬೀಳುವ ವಕೀಲನ ಪಾತ್ರವು ಅಶೋಕಕುಮಾರರದು. ಇಡೀ ಚಿತ್ರದಲ್ಲಿ ಅವರು ಹೆಚ್ಚು ಮಾಡುವುದೇನೂ ಇಲ್ಲ: ನಿಲ್ಲುತ್ತಾರೆ, ಕಿವಿಗೊಡುತ್ತಾರೆ, ದೀಪದ ಕಡೆಗೆ ತಿರುಗುತ್ತಾರೆ. ಹದಿಮೂರು ವರ್ಷಗಳ ಹಿಂದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನು ಕೈಯಾಡಿಸದೆಯೇ ಚಿತ್ರವನ್ನು ಹೊರುವಷ್ಟು ಬೆಳೆದಿದ್ದನು.

ಆದರೆ ಒಂದು 'ಮಹಲ್' ನೂರಾರು ಜನರ ತಿಂಗಳ ಸಂಬಳವನ್ನು ಎಷ್ಟು ಕಾಲ ನಡೆಸೀತು? 'ಸಂಗ್ರಾಮ', 'ಮಶಾಲ', 'ತಮಾಷಾ' ಬಂದವು. 1952ರಲ್ಲಿ ಬಿಮಲ ರಾಯರು ಕಲಕತ್ತೆಯಿಂದ ಬಂದು 'ಮಾ' ಚಿತ್ರವನ್ನು ತೆಗೆದರು. ಯಾವುದೂ ಸಾಲದ ಮಡುವನ್ನು ತುಂಬಲಿಲ್ಲ. ಅಶೋಕಕುಮಾರರು ಹೊರಗಿನ ಚಿತ್ರಗಳಲ್ಲಿ ದುಡಿಯುತ್ತ ಸ್ವಂತದ ಸಂಸ್ಥೆಯನ್ನೂ ಮಾಡಿಕೊಂಡು 1953ರಲ್ಲಿ ಬಿಮಲ ರಾಯರಿಂದಲೇ 'ಪರಿಣೀತಾ'ವನ್ನು ತೆಗೆಯಿಸಿದರು. ಕೊನೆಗೆ ಮಲಾಡಿನ ಕೆಲಸಗಾರರೇ ಸಹಕಾರ ತತ್ತ್ವದ ಮೇಲೆ ಕೂಡಿ 'ಬಾದಬಾನ'ವೆಂಬ ಚಿತ್ರವನ್ನು ಮಾಡಿದರು; 1954ರಲ್ಲಿ ಅದು ತೆರೆಕಂಡಿತು. ಅದರ ನಾಯಕಪಾತ್ರದ ಪಂಕ್ತಿಯಲ್ಲಿಯೂ ಅಶೋಕಕುಮಾರರಿದ್ದರು. ಬಾದಬಾನವೆಂದರೆ ಹಡಗದ ಪಟ. ಅದರ ನಂತರ ಬಾಂಬೆ ಟಾಕೀಸಿನಿಂದ ಚಿತ್ರ ಬರಲಿಲ್ಲ.

ನಟನ ಬಾಳು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ನಾಲ್ವತ್ತು ವರ್ಷಗಳಷ್ಟು ದೀರ್ಘವಾಗಿತ್ತು. 1958ರಲ್ಲಿ ತಮ್ಮಂದಿರಿಬ್ಬರೊಡನೆ ವಿನೋದಚಿತ್ರ, 1960ರಲ್ಲಿ ಹಾಡುಗಳೇ ಇಲ್ಲದ 'ಕಾನೂನ್', 1963ರಲ್ಲಿ 'ಬಂದಿನಿ', 1967ರಲ್ಲಿ ಖಳನಾಗಿ 'ಜ್ಯುಯೆಲ್ ಥೀಫ್' ಇವುಗಳನ್ನು ಹೆಸರಿಸಿದರೆ ಸಾಕು. 1968ರ 'ಆಶೀರ್ವಾದ'ಕ್ಕೆ ರಾಷ್ಟ್ರಪ್ರಶಸ್ತಿಯು ದೊರೆಯಿತು. ಅದರಲ್ಲಿ ಮಕ್ಕಳಿಗಾಗಿ ಹಾಡುವ ರೈಲುಗಾಡಿಯ ಪದವನ್ನು ಅವರು ಸ್ವಂತ ಕಂಠದಿಂದ ಹಾಡಿದರು. ಹಿನ್ನೆಲೆ ಗಾಯನವು ಬಂದ ಮೇಲೆ ಮರೆಯಾಗಿದ್ದ ಆ ಧ್ವನಿಯನ್ನು ಹಳೆಯ ಪ್ರೇಕ್ಷಕರು ಗುರುತಿಸಿದರು. 1984ರಲ್ಲಿ ದೂರದರ್ಶನದ 'ಹಮ್ ಲೋಗ್' ಧಾರಾವಾಹಿಯ ಕೊನೆಕೊನೆಗೆ ಬಂದು ಕುಟುಂಬದ ಹಿರಿಯನಂತೆ ಮಾತಾಡಿ ಹೋಗುತ್ತಿದ್ದ ಮುದುಕನನ್ನು 'ಅಛೂತ ಕನ್ಯಾ'ದ ಪ್ರತಾಪನೆಂದು ಅರಿಯದ ಮಕ್ಕಳೂ ಪ್ರೀತಿಸಿದರು. 1988ನೆಯ ಇಸವಿಯ ದಾದಾಸಾಹೇಬ ಫಾಳಕೆ ಪ್ರಶಸ್ತಿಯು ಅವರಿಗೆ ಸಂದಿತು. 2001ರ ಡಿಸೆಂಬರ 10ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ಮಲಾಡಿನ ಸ್ಟೂಡಿಯೋದ ಆವರಣವು ಅದಕ್ಕೆ ಬಹಳ ಮೊದಲೇ ಸಣ್ಣಪುಟ್ಟ ಕಾರಖಾನೆಗಳ ಪಾಲಾಗಿತ್ತು. ಆ ಓಣಿಗಳಿಗೆ ಬಾಂಬೆ ಟಾಕೀಸಿನ ಹೆಸರು ಮಾತ್ರ ಅಂಟಿಕೊಂಡು ಉಳಿಯಿತು.